ಓದುವ ಅಧಿಕಾರ, ಒಪ್ಪದಿರುವ ಅಧಿಕಾರ

ಇಂದಿನ ಕನ್ನಡದಲ್ಲಿ ‘ಅಧಿಕಾರ’ ಎಂದರೆ ಆಳುವ ಬಲ. ಶಾಸ್ತ್ರಗಳಲ್ಲಿ ಆ ಮಾತಿಗೆ ಬೇರೆ ಅರ್ಥವಿದೆ: ಯಾವ ಕರ್ಮಕ್ಕೆ, ಯಾವ ಅಧ್ಯಯನಕ್ಕೆ ಯಾರು ಅರ್ಹರು ಎಂಬುದು. ಜೈಮಿನಿಯ ಪೂರ್ವಮೀಮಾಂಸೆ ತನ್ನ ಆರನೆಯ ಅಧ್ಯಾಯದಲ್ಲಿ ಇದನ್ನೇ ವಿಚಾರ ಮಾಡುತ್ತದೆ. ಯಜ್ಞ ಮಾಡುವ ಅಧಿಕಾರ ಗಂಡಸಿಗೆ ಮಾತ್ರ ಎಂದು ಐತಿಶಾಯನನ ಮತ. ಹೆಂಗಸಿಗೂ ಉಂಟು ಎಂದು ಬಾದರಾಯಣನ ಮತ. ಜೈಮಿನಿ ಎರಡನೆಯದನ್ನೇ ಒಪ್ಪುತ್ತಾನೆ. ಆದರೆ ಕೆಲವೇ ಸೂತ್ರಗಳ ನಂತರ ಆ ಒಪ್ಪಿಗೆಗೆ ಮಿತಿ ಬೀಳುತ್ತದೆ. ಯಜ್ಞದಲ್ಲಿ ಹೆಂಡತಿ ತನಗೆ ಹೇಳಿದಷ್ಟನ್ನು ಮಾತ್ರ ಮಾಡಬೇಕು. ಗಂಡ ಓದಿದವನು, ಅವಳು ಓದದವಳು, ಆದ್ದರಿಂದ ಇಬ್ಬರೂ ಸಮಾನರಲ್ಲ ಎಂದು ಭಾಷ್ಯಕಾರ ಶಬರ ವಿವರಿಸುತ್ತಾನೆ. ಓದದವಳಾದ್ದರಿಂದ ಸಮಾನಳಲ್ಲ ಎನ್ನುವವರಿಗೆ ಎದುರಾಗುವ ಪ್ರಶ್ನೆ ಒಂದಿದೆ: ಅವಳು ಓದಿಬಿಟ್ಟರೆ? ಪಂಡಿತಾ ರಮಾಬಾಯಿಯವರ ಬದುಕನ್ನು ಈ ಪ್ರಶ್ನೆಯ ಬೆಳಕಿನಲ್ಲಿ ನೋಡಬೇಕೆಂದು ನನಗೆ ಅನ್ನಿಸುತ್ತದೆ. ಸಾಮಾನ್ಯವಾಗಿ ಅದನ್ನು ಮತಾಂತರದ ಕತೆಯಾಗಿ ಹೇಳುತ್ತಾರೆ. ಮೆಚ್ಚಿದವರು ಬೆಳಕು ಕಂಡವಳು ಎನ್ನುತ್ತಾರೆ, ಮುನಿದವರು ಮನೆ ಬಿಟ್ಟವಳು ಎನ್ನುತ್ತಾರೆ. ಎರಡೂ ಪಕ್ಷದವರು 1883ರ ಒಂದು ದಿನದ ಮೇಲೆ ಕಣ್ಣಿಟ್ಟು ಅದರ ಹಿಂದುಮುಂದಿನ ವರ್ಷಗಳನ್ನು ಹಗುರಾಗಿ ದಾಟಿಬಿಡುತ್ತಾರೆ. ಆ ವರ್ಷಗಳಲ್ಲೆಲ್ಲ ನಡೆದದ್ದು ಒಂದೇ ವಾದ. ಗ್ರಂಥವನ್ನು ಓದುವ ಅಧಿಕಾರ ಕೊಟ್ಟ ಮೇಲೆ, ಓದಿದ್ದನ್ನು ತೂಗಿ ನೋಡುವ, ಬೇಕಾದರೆ ಒಪ್ಪದಿರುವ ಅಧಿಕಾರವನ್ನು ಯಾರೂ ಹಿಡಿದಿಟ್ಟುಕೊಳ್ಳಲಾರರು ಎಂಬುದೇ ಆ ವಾದ.

ಅದು ಆರಂಭವಾದದ್ದು ರಮಾಬಾಯಿ ಹುಟ್ಟುವ ಮೊದಲೇ, ನಮ್ಮ ನೆಲದಲ್ಲೇ. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು, ಮರಾಠಿ ಮಾತಾಡುವ ಚಿತ್ಪಾವನ ಬ್ರಾಹ್ಮಣರು. ಪುಣೆಯಲ್ಲಿ ಅವರ ಗುರುಗಳಾಗಿದ್ದ ರಾಮಚಂದ್ರಶಾಸ್ತ್ರಿ ಸಾಠೆ ಪೇಶ್ವೆ ಎರಡನೆಯ ಬಾಜಿರಾಯನ ಪತ್ನಿಗೆ ಸಂಸ್ಕೃತ ಹೇಳಿಕೊಡುತ್ತಿದ್ದರು. ಅದನ್ನು ಕಂಡ ಶಿಷ್ಯ ತನ್ನ ಹೆಂಡತಿಗೂ ಕಲಿಸಬೇಕೆಂದು ಹಟ ತೊಟ್ಟರು. ಮೊದಲ ಹೆಂಡತಿಯ ಕಾಲಕ್ಕೆ ಅದು ಕೈಗೂಡಲಿಲ್ಲ. ಎರಡನೆಯ ಹೆಂಡತಿ ಲಕ್ಷ್ಮೀಬಾಯಿಗೆ ಕಲಿಸಿದರು. ಊರಿನ ಆಕ್ಷೇಪವೂ ಎದ್ದಿತು. ಮಾಧ್ವ ಮಠಗಳ ನೆಲೆಯಾದ ಉಡುಪಿಯಲ್ಲಿ ಯತಿಗಳ, ವಿದ್ವಾಂಸರ ಮುಂದೆ ನಿಂತು ತನ್ನ ನಡತೆಗೆ ಶಾಸ್ತ್ರದ ಆಧಾರ ತೋರಿಸಬೇಕಾಯಿತು ಎಂದು ಮಗಳು ಮುಂದೆ ಆತ್ಮಕಥನದಲ್ಲಿ ಬರೆದಿದ್ದಾರೆ. ಶಾಸ್ತ್ರಿಗಳು ಆಧಾರಗಳನ್ನು ಕಲೆಹಾಕಿ ಮಂಡಿಸಿದರು, ಬಹಿಷ್ಕಾರ ತಪ್ಪಿತು. ಗೆದ್ದದ್ದು ಏನನ್ನು ಎಂಬುದನ್ನು ಮಾತ್ರ ಸರಿಯಾಗಿ ಗಮನಿಸಬೇಕು. ಹೆಂಗಸರೂ ಶೂದ್ರರೂ ಸಂಸ್ಕೃತದ ಪುರಾಣ ಸಾಹಿತ್ಯವನ್ನು ಕಲಿಯಬಹುದು ಎಂಬಷ್ಟೇ ಆ ಗೆಲುವು. ವೇದದ ಗಡಿ ಎಲ್ಲಿತ್ತೋ ಅಲ್ಲೇ ಉಳಿಯಿತು. ಕಲಿಸಬೇಕೆಂಬ ಹಂಬಲ ಹೊತ್ತು ಸಂಸಾರ ಸಮೇತ ಕಾಡು ಸೇರಿದ್ದ ಆ ಮನುಷ್ಯನ ಎದೆಗಾರಿಕೆ ದೊಡ್ಡದು. ಆದರೆ ಅವರು ಕೇಳಿದ್ದು ಅನುಮತಿಯನ್ನು, ಅದೂ ಅನುಮತಿ ಕೊಡುವ ಹಕ್ಕು ಯಾರದೆಂದು ಲೋಕ ನಂಬಿತ್ತೋ ಅವರನ್ನೇ. ಪಶ್ಚಿಮಘಟ್ಟದ ಗಂಗಾಮೂಲದ ಆಶ್ರಮದಲ್ಲಿ 1858ರ ಏಪ್ರಿಲ್ 23ರಂದು ಹುಟ್ಟಿದ ರಮಾಳಿಗೆ ಪಿತ್ರಾರ್ಜಿತವಾಗಿ ಬಂದದ್ದು ಹೀಗೆ ಮಿತಿ ಹಾಕಿಸಿಕೊಂಡ ಅಧಿಕಾರ.

ತಾಯಿ ಹೇಳಿಕೊಟ್ಟ ಭಾಗವತ ಅವಳಿಗೆ ಬಾಯಿಪಾಠವಾಯಿತು. ಆ ಭಾಗವತದ ಮೊದಲ ಸ್ಕಂಧದಲ್ಲೇ ಒಂದು ಮಾತಿದೆ: ಹೆಂಗಸರ, ಶೂದ್ರರ ಕಿವಿಗೆ ವೇದ ಸಲ್ಲದ್ದರಿಂದ ವ್ಯಾಸರು ಕರುಣೆಯಿಂದ ಭಾರತವನ್ನು ರಚಿಸಿದರಂತೆ. ವೇದಕ್ಕೆ ತಾನು ಅರ್ಹಳಲ್ಲವೆಂಬ ಶ್ಲೋಕವನ್ನು ಒಬ್ಬ ಹುಡುಗಿ ಅಕ್ಷರ ತಪ್ಪದೆ ಕಲಿತು, ಊರೂರ ದೇವಸ್ಥಾನಗಳ ಎದುರು ಪುರಾಣ ಹೇಳುತ್ತ ಅದನ್ನೂ ಹೇಳುತ್ತಿದ್ದಳು ಎಂಬುದನ್ನು ಯೋಚಿಸಿದರೆ ಮನಸ್ಸು ಭಾರವಾಗುತ್ತದೆ. ಸಾಲ ಹೆಚ್ಚಾಗಿ ಆಶ್ರಮ ಬಿಟ್ಟ ಕುಟುಂಬ ತೀರ್ಥದಿಂದ ತೀರ್ಥಕ್ಕೆ ಅಲೆಯಿತು. 1870ರ ದಶಕದ ಕ್ಷಾಮದಲ್ಲಿ ತಂದೆ, ತಾಯಿ, ಅಕ್ಕ ಮೂವರೂ ತೀರಿಕೊಂಡರು. ಉಳಿದ ಅಣ್ಣ ಶ್ರೀನಿವಾಸನ ಜೊತೆ ಕಾಲ್ನಡಿಗೆಯಲ್ಲಿ ದೇಶ ಸುತ್ತಿ 1878ರಲ್ಲಿ ಕಲ್ಕತ್ತೆ ತಲುಪಿದಾಗ ಅಲ್ಲಿನ ಪಂಡಿತರು ಅವಳ ವಿದ್ವತ್ತನ್ನು ಪರೀಕ್ಷಿಸಿ ‘ಪಂಡಿತಾ’, ‘ಸರಸ್ವತೀ’ ಎಂಬ ಬಿರುದುಗಳನ್ನು ಕೊಟ್ಟರು. ಮುಂದಿನದು ಇನ್ನೂ ಮುಖ್ಯ. ಅಂತಃಪುರದ ಹೆಂಗಸರಿಗೆ ಸ್ತ್ರೀಧರ್ಮದ ಮೇಲೆ ಉಪನ್ಯಾಸ ಕೊಡಬೇಕೆಂದು ಕೇಳಿದರು. ಅದಕ್ಕಾಗಿ ರಮಾಬಾಯಿ ಧರ್ಮಶಾಸ್ತ್ರಗಳನ್ನು ಓದತೊಡಗಿದರು. ವೇದವನ್ನು ನೀವು ಓದಿದ್ದೀರಾ ಎಂದು ಕೇಳಿದ ಬ್ರಾಹ್ಮಸಮಾಜದ ಕೇಶವಚಂದ್ರ ಸೇನರು, ಅರ್ಹತೆಯ ಭಯದಿಂದ ಹಿಂಜರಿದ ಅವರ ಕೈಗೆ ವೇದದ ಪುಸ್ತಕವನ್ನೇ ಇಟ್ಟರು. ಬೇರೆ ಎಲ್ಲ ವಿಷಯಗಳಲ್ಲೂ ಒಂದರ ಮಾತನ್ನು ಇನ್ನೊಂದು ಕಡಿಯುವ ಶಾಸ್ತ್ರಗಳು ಎರಡು ಸಂಗತಿಗಳಲ್ಲಿ ಮಾತ್ರ ಒಮ್ಮತದಿಂದಿವೆ ಎಂದು ರಮಾಬಾಯಿ ಕಂಡುಕೊಂಡದ್ದು ಆಗ: ಹೆಂಗಸು ಸ್ವಭಾವತಃ ಕೆಟ್ಟವಳು, ಗಂಡಸಿನ ಹಾಗೆ ಅವಳಿಗೆ ಮೋಕ್ಷವಿಲ್ಲ. ಕಲ್ಕತ್ತೆಯಲ್ಲಿ ಆಗ ಯಾವ ಪಾದ್ರಿಯೂ ಅವರಿಗೆ ಇದನ್ನು ಬೋಧಿಸಲಿಲ್ಲ. ಸ್ತ್ರೀಧರ್ಮವನ್ನು ಸಾರಲೆಂದೇ ಕೈಗೆತ್ತಿಕೊಂಡ ಪುಸ್ತಕಗಳು ಅವರನ್ನು ಅಲ್ಲಿಗೆ ಮುಟ್ಟಿಸಿದವು.

ಇಲ್ಲಿ ಗಂಭೀರವಾದ ಒಂದು ಆಕ್ಷೇಪ ಬರುತ್ತದೆ. ನಮ್ಮ ಶಾಸ್ತ್ರ ಪರಂಪರೆ ಪೂರ್ವಪಕ್ಷ, ಸಿದ್ಧಾಂತಗಳ ಪರಂಪರೆ. ಭಿನ್ನಮತಕ್ಕೆ ಅಲ್ಲಿ ಜಾಗವಿಲ್ಲವೇ? ಮನುವಿನ ಮಾತಿಗೆ ಪ್ರತಿಯಾಗಿ ಗಾರ್ಗಿ, ಮೈತ್ರೇಯಿಯರನ್ನು ನಿಲ್ಲಿಸಬಹುದಿತ್ತು. ಹೆಂಗಸಿಗೂ ವೇದಾಧಿಕಾರ ಉಂಟೆಂದು ದಯಾನಂದ ಸರಸ್ವತಿಗಳು ಅದೇ ಕಾಲದಲ್ಲಿ ಸಾರುತ್ತಿದ್ದರು. ಮಹದೇವ ಗೋವಿಂದ ರಾನಡೆಯವರು ಶಾಸ್ತ್ರವಾಕ್ಯಗಳಿಂದಲೇ ಸುಧಾರಣೆಯನ್ನು ಸಮರ್ಥಿಸುತ್ತಿದ್ದರು. ರಮಾಬಾಯಿ ಒಳಗೇ ನಿಂತು ಹೋರಾಡಬಹುದಿತ್ತಲ್ಲ? ಈ ದಾರಿ ಕೀಳೆಂದು ನಾನು ಹೇಳಲಾರೆ. ಅದರಲ್ಲಿ ನಡೆದು ಒಳಿತು ಮಾಡಿದವರು ಅನೇಕರು. ಆದರೆ ಆ ವಾದದ ಕಟ್ಟಳೆಯನ್ನು ಗಮನಿಸಿ. ದಯಾನಂದರು ಹೆಂಗಸಿನ ಕೈಗೆ ವೇದವನ್ನು ಕೊಟ್ಟರು, ವೇದದಲ್ಲಿ ತಪ್ಪಿಲ್ಲ ಎಂಬ ತೀರ್ಪನ್ನೂ ಜೊತೆಗೇ ಕೊಟ್ಟರು. ಓದುವ ಮೊದಲೇ ಓದಿನ ಫಲ ನಿಶ್ಚಯವಾಗಿದ್ದರೆ ಓದಿದವಳು ಸಾಕ್ಷಿಯಾಗುತ್ತಾಳೆ, ನ್ಯಾಯಾಧೀಶೆಯಾಗುವುದಿಲ್ಲ. ಶಾಸ್ತ್ರಾರ್ಥದ ಕಟ್ಟೆ ಹತ್ತುವವನು ಯಾರು, ಅಲ್ಲಿ ಜಯಾಪಜಯ ಹೇಳುವವನು ಯಾರು ಎಂಬುದು ಮೊದಲೇ ಇತ್ಯರ್ಥವಾಗಿತ್ತು. ಕಲ್ಕತ್ತೆಯ ಪಂಡಿತರು ಮೆಚ್ಚಿದ್ದು ರಮಾಬಾಯಿಯ ಧಾರಣಶಕ್ತಿಯನ್ನು, ಸಂಸ್ಕೃತದ ಸರಾಗವನ್ನು. ಹೆಂಗಸರ ಮೋಕ್ಷದ ಬಗ್ಗೆ ಆಕೆಯ ಅಭಿಪ್ರಾಯ ಏನೆಂದು ಕೇಳಲು ಅವರೇನೂ ಸಭೆ ಸೇರಿಸಿರಲಿಲ್ಲ.

1880ರಲ್ಲಿ ಅಣ್ಣ ಸತ್ತ. ಅದೇ ವರ್ಷ ರಮಾಬಾಯಿ ಬ್ರಾಹ್ಮಣೇತರ ವಕೀಲ ಬಿಪಿನ್ ಬಿಹಾರಿ ದಾಸ್ ಮೇಧಾವಿಯವರನ್ನು ಸಿವಿಲ್ ಕಾನೂನಿನಂತೆ ಮದುವೆಯಾದರು. ಎರಡು ವರ್ಷ ತುಂಬುವ ಮೊದಲೇ ಕಾಲರಾ ಅವರನ್ನೂ ಒಯ್ದಿತು. ಮಗಳು ಮನೋರಮೆಯನ್ನು ಎತ್ತಿಕೊಂಡು 1882ರಲ್ಲಿ ಪುಣೆಗೆ ಬಂದರು, ಆರ್ಯ ಮಹಿಳಾ ಸಮಾಜ ಕಟ್ಟಿದರು, ಮರಾಠಿಯಲ್ಲಿ ‘ಸ್ತ್ರೀ ಧರ್ಮನೀತಿ’ ಬರೆದರು, ಹಂಟರ್ ಆಯೋಗದ ಮುಂದೆ ಹೆಣ್ಣುಮಕ್ಕಳಿಗೆ ಶಿಕ್ಷಕಿಯರೂ ವೈದ್ಯೆಯರೂ ಬೇಕೆಂದು ಸಾಕ್ಷ್ಯ ನುಡಿದರು. ಮರುವರ್ಷ ಇಂಗ್ಲೆಂಡಿಗೆ ಹೋದರು. ವಾಂಟೇಜಿನ ಸೇಂಟ್ ಮೇರಿ ಸನ್ಯಾಸಿನಿಯರ ಮಠದಲ್ಲಿ ಉಳಿದುಕೊಂಡು 1883ರ ಸೆಪ್ಟೆಂಬರ್ 29ರಂದು ದೀಕ್ಷಾಸ್ನಾನ ಪಡೆದರು. ಇದಕ್ಕೆ ಅವರು ಕೊಟ್ಟ ಕಾರಣ ಸರಳ. ಲಂಡನ್ನಿನ ಫುಲ್ಹಾಮಿನಲ್ಲಿ ‘ಕೆಟ್ಟುಹೋದವರು’ ಎಂದು ಲೋಕ ತಳ್ಳಿದ ಹೆಂಗಸರನ್ನು ಆ ಮಠದ ಸೋದರಿಯರು ಪ್ರೀತಿಯಿಂದ ಸಲಹುತ್ತಿದ್ದುದನ್ನು ಅವರು ಕಂಡರು. ತಮ್ಮ ನೆಲದ ಧರ್ಮಶಾಸ್ತ್ರ ಅಂಥವಳಿಗೆ ವಿಧಿಸಿದ ಶಿಕ್ಷೆಗಳನ್ನು ಓದಿ ಬಲ್ಲವರಾದ್ದರಿಂದ ಈ ಕರುಣೆಯ ಮೂಲ ಯಾವುದೆಂದು ಕೇಳಿದರು. ಬಾವಿಯ ಬಳಿ ಸಮಾರ್ಯದ ಹೆಂಗಸಿನೊಡನೆ ಕ್ರಿಸ್ತ ಮಾತಾಡುವ ಪ್ರಸಂಗವನ್ನು ಅವರಿಗೆ ಓದಿ ಹೇಳಿದರು. ಕಲ್ಕತ್ತೆಯಲ್ಲಿ ಯಾವ ಪ್ರಶ್ನೆಗೆ ಉತ್ತರ ಸಿಕ್ಕಿರಲಿಲ್ಲವೋ ಅದಕ್ಕೆ ಉತ್ತರ ಅಲ್ಲಿ ಕಂಡಿತು.

ಮತಾಂತರದ ಕತೆಯಾಗಿದ್ದರೆ ಇಲ್ಲಿಗೆ ಮುಗಿಯಬೇಕಿತ್ತು. ನನ್ನ ವಾದಕ್ಕೆ ಗಟ್ಟಿ ಸಾಕ್ಷ್ಯ ಸಿಗುವುದು ಇದರ ನಂತರ, ವಾಂಟೇಜಿನ ಸಿಸ್ಟರ್ ಜೆರಾಲ್ಡಿನ್ ಮತ್ತಿತರರೊಡನೆ ನಡೆದು ಈಗ ಅಚ್ಚಾಗಿರುವ ಪತ್ರವ್ಯವಹಾರದಲ್ಲಿ. ದೀಕ್ಷೆ ಪಡೆದ ಹೆಣ್ಣು ತ್ರಿಯೇಕತ್ವದ ತತ್ವವನ್ನು ಪ್ರಶ್ನಿಸಿದಳು. ಅಥನೇಸಿಯಸನ ಹೆಸರಿನ ವಿಶ್ವಾಸಪ್ರಮಾಣವನ್ನು ಒಪ್ಪಲಿಲ್ಲ; ಅದು ಬೈಬಲಿನಲ್ಲಿ ಎಲ್ಲಿದೆ ತೋರಿಸಿ ಎಂದಳು. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಯಾಕೆ, ಸಂಸ್ಕೃತ ಯಾಕಾಗದು ಎಂದು ಕೇಳಿದಳು. ಮಾಂಸ ಮುಟ್ಟಲಿಲ್ಲ. ಅವರು ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜಿನಲ್ಲಿದ್ದಾಗ ಗಂಡು ವಿದ್ಯಾರ್ಥಿಗಳಿಗೂ ಪಾಠ ಹೇಳುವ ಪ್ರಸ್ತಾಪ ಬಂತು. ಹಿಂದೂಸ್ಥಾನದಲ್ಲಿ ಕೆಲಸ ಮಾಡಿ ಬಲ್ಲ ಬಿಷಪ್ಪರು ಅಡ್ಡ ಬಂದರು: ಗಂಡಸರಿಗೆ ಪಾಠ ಹೇಳಿದರೆ ಆಕೆಯ ದೇಶದವರ ಕಣ್ಣಲ್ಲಿ ಆಕೆಯ ಮಾನ ಕುಂದುತ್ತದಂತೆ. ಹತ್ತಾರು ಊರುಗಳಲ್ಲಿ ಗಂಡಸರ ತುಂಬು ಸಭೆಗಳಲ್ಲಿ ಪ್ರವಚನ ಮಾಡಿ ಬಂದವರಿಗೆ ಈ ಮಾತು! ಉಡುಪಿಯಲ್ಲಿ ತಂದೆಗೆ ಎದುರಾದ ಪ್ರಶ್ನೆಯೇ ಮಗಳಿಗೆ ಇಂಗ್ಲೆಂಡಿನಲ್ಲಿ ಎದುರಾಯಿತು, ಭಾಷೆ ಮಾತ್ರ ಬೇರೆ. ತಂದೆ ಆಧಾರ ತೋರಿಸಿ ಅನುಮತಿ ಪಡೆದಿದ್ದರು. ಮಗಳು ಅನುಮತಿಯ ಮಾತನ್ನೇ ಎತ್ತಿಕೊಂಡು, ಒಂದು ಪುರೋಹಿತ ವರ್ಗದ ನೊಗವನ್ನು ಈಗಷ್ಟೇ ಇಳಿಸಿ ಬಂದಿದ್ದೇನೆ, ಇನ್ನೊಂದನ್ನು ಹೆಗಲಿಗೇರಿಸಿಕೊಳ್ಳಲಾರೆ ಎಂಬರ್ಥದಲ್ಲಿ ಬರೆದರು.

ಇದು ಬರೀ ಅಹಂಕಾರವಲ್ಲವೇ? ಸಿಸ್ಟರ್ ಜೆರಾಲ್ಡಿನ್ ಹಾಗೆಂದೇ ನೊಂದುಕೊಂಡರು. ಅವರ ಮಾತನ್ನು ಹಗುರವಾಗಿ ತಳ್ಳಿಹಾಕಬಾರದು, ಯಾಕೆಂದರೆ ಅದರ ಹಿಂದೆ ಎಲ್ಲ ಧರ್ಮಗಳೂ ಮಾನ್ಯ ಮಾಡುವ ತಿಳಿವಳಿಕೆ ಇದೆ. ಗುರುವಿಗೆ ಶರಣಾಗದೆ ವಿದ್ಯೆ ದಕ್ಕದು, ‘ನಾನು’ ಅಳಿಯದೆ ದೇವರು ಕಾಣನು. ಎಲ್ಲವನ್ನೂ ನನ್ನ ಬುದ್ಧಿಯ ತಕ್ಕಡಿಯಲ್ಲೇ ತೂಗುತ್ತೇನೆ ಎನ್ನುವವರಿಗೆ ಕೊನೆಗೆ ತಮ್ಮ ಬುದ್ಧಿಯೇ ದೇವರಾಗುತ್ತದೆ. ಈ ಆಕ್ಷೇಪಕ್ಕೆ ನನ್ನ ಉತ್ತರ ಹೀಗೆ. ಶರಣಾಗತಿ ಎಂಬುದು ತನ್ನನ್ನು ಒಪ್ಪಿಸಿಕೊಳ್ಳುವುದು. ಒಪ್ಪಿಸಿಕೊಳ್ಳಲು ಮೊದಲು ತಾನೆಂಬುದು ತನ್ನ ವಶದಲ್ಲಿರಬೇಕು. ಒಬ್ಬಳ ಪರವಾಗಿ ಅವಳ ಗಂಡನೋ ಬಿಷಪ್ಪನೋ ಶರಣಾಗುವುದು ಹೇಗೆ? ಇನ್ನೂ ಒಂದು ಮಾತು. ಹಟಕ್ಕೂ ಅಂತಃಸಾಕ್ಷಿಗೂ ಇರುವ ವ್ಯತ್ಯಾಸವನ್ನು ನಡತೆಯಲ್ಲಿ ಪರೀಕ್ಷಿಸಲು ಸಾಧ್ಯ. ಹಟಮಾರಿ ಕಾರಣ ಕೊಡುವುದಿಲ್ಲ. ರಮಾಬಾಯಿ ಪುಟಗಟ್ಟಲೆ ಕಾರಣ ಬರೆದರು, ಪ್ರತಿ ಸಲವೂ ಮೂಲಗ್ರಂಥಕ್ಕೆ ಮರಳಿದರು. ಹಟಮಾರಿ ತನಗೆ ಲಾಭವಿರುವ ಕಡೆ ಬಾಗುತ್ತಾನೆ. ರಮಾಬಾಯಿ ಪರದೇಶದಲ್ಲಿ, ಪುಟ್ಟ ಮಗುವನ್ನು ಇಟ್ಟುಕೊಂಡು, ತನಗೆ ಅನ್ನ ವಸತಿ ಕೊಟ್ಟವರನ್ನೇ ಎದುರು ಹಾಕಿಕೊಂಡರು. ಅವರು ಶರಣಾದದ್ದೂ ಉಂಟು. ದೀಕ್ಷೆಯಾದ ಎಷ್ಟೋ ವರ್ಷಗಳ ಬಳಿಕ, ಧರ್ಮವನ್ನು ಕಂಡಿದ್ದೆ, ಕ್ರಿಸ್ತನನ್ನು ಕಂಡಿರಲಿಲ್ಲ ಎಂಬ ಅರಿವು ಬಂದುದನ್ನು ಅವರೇ ಹೇಳಿಕೊಂಡಿದ್ದಾರೆ. ಆ ಹೊತ್ತನ್ನು ಯಾವ ಮಠವೂ ಗೊತ್ತುಮಾಡಲಿಲ್ಲ.

1886ರಲ್ಲಿ ಆನಂದಿಬಾಯಿ ಜೋಶಿ ವೈದ್ಯಕೀಯ ಪದವಿ ಪಡೆಯುವುದನ್ನು ನೋಡಲು ಫಿಲಡೆಲ್ಫಿಯಾಕ್ಕೆ ಹೋದ ರಮಾಬಾಯಿ ಮರುವರ್ಷ ಅಲ್ಲೇ ‘ದಿ ಹೈ ಕಾಸ್ಟ್ ಹಿಂದು ವುಮನ್’ ಪ್ರಕಟಿಸಿದರು. ‘ಸ್ತ್ರೀ ಧರ್ಮನೀತಿ’ಗೂ ಇದಕ್ಕೂ ನಡುವೆ ಇರುವುದು ಐದೇ ವರ್ಷ. ಮೊದಲನೆಯದು ಹೆಂಗಸರಿಗೆ ಬುದ್ಧಿ ಹೇಳುತ್ತದೆ. ಎರಡನೆಯದು ಆ ಬುದ್ಧಿವಾದದ ಮೂಲಗ್ರಂಥಗಳನ್ನೇ ಕಟಕಟೆಗೆ ತರುತ್ತದೆ. ಪರದೇಶದವರಿಗೆ ನಮ್ಮ ಮನೆಯ ಕೊಳೆ ತೋರಿಸಿ ಹಣ ಎತ್ತಿದಳು ಎಂಬ ದೂರು ಅಂದೂ ಇತ್ತು, ಇಂದೂ ಇದೆ. ಆ ಪುಸ್ತಕ ನೆರವು ಕೇಳಲೆಂದೇ ಬರೆದದ್ದು, ಆದ್ದರಿಂದ ಕತ್ತಲೆಯ ಕಡೆಗೇ ಅದು ಹೆಚ್ಚು ನೋಡುತ್ತದೆ ಎಂಬುದು ನಿಜ. ಆದರೆ ದೂರುವವರು 1889ರಲ್ಲಿ ಅವರು ಮರಾಠಿಯಲ್ಲಿ ಬರೆದ ಅಮೆರಿಕದ ಪ್ರವಾಸಕಥನವನ್ನೂ ಓದಬೇಕು. ಆ ದೇಶವನ್ನು ಮನಸಾರೆ ಮೆಚ್ಚುತ್ತಲೇ ಅಲ್ಲಿನ ವರ್ಣಭೇದವನ್ನು ಅದು ಹೆಸರಿಟ್ಟು ಹೇಳುತ್ತದೆ. 1897ರ ಪ್ಲೇಗಿನ ಸಮಯದಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆಂಗಸರಿಗೆ ಆದ ಅನ್ಯಾಯದ ಬಗ್ಗೆ ಪತ್ರಿಕೆಗೆ ಬರೆದು ಬ್ರಿಟಿಷ್ ಆಡಳಿತಕ್ಕೆ ಮುಜುಗರ ತಂದವರೂ ಇದೇ ರಮಾಬಾಯಿ. ಪುಣೆಯ ವಿದ್ವಾಂಸರು ಸಿಟ್ಟಾಗಿದ್ದಾಗ ಜೋತಿರಾವ್ ಫುಲೆಯವರು ತಮ್ಮ ‘ಸತ್ಸಾರ’ದಲ್ಲಿ ಅವರ ಪರ ನಿಂತದ್ದು ಆಕಸ್ಮಿಕವೇನಲ್ಲ. ಶಾಸ್ತ್ರವನ್ನು ಓದಿದವಳೇ ಶಾಸ್ತ್ರವನ್ನು ಬಿಟ್ಟಳೆಂದರೆ ಅದರ ತೂಕ ಏನೆಂದು ಫುಲೆಯವರಿಗೆ ತಿಳಿದಿತ್ತು.

ಎಲ್ಲಕ್ಕಿಂತ ಬಲವಾದ ಆಕ್ಷೇಪ ಬೇರೆಯೇ ಇದೆ. ತನಗೆ ಬೇಡಿದ ಸ್ವಾತಂತ್ರ್ಯವನ್ನು ರಮಾಬಾಯಿ ತನ್ನ ಆಸರೆಯಲ್ಲಿದ್ದ ಹುಡುಗಿಯರಿಗೆ ಕೊಟ್ಟರೇ? 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದಾಗ ಮತಬೋಧೆ ಇಲ್ಲವೆಂಬ ಭರವಸೆ ಇತ್ತು. ರಾನಡೆ, ಭಂಡಾರ್ಕರರಂಥವರು ಸಲಹಾ ಮಂಡಳಿಯಲ್ಲಿದ್ದರು. ಸದನ ಪುಣೆಗೆ ಬಂದ ಮೇಲೆ, ರಮಾಬಾಯಿಯ ಪ್ರಾರ್ಥನೆಗೆ ಹುಡುಗಿಯರು ಬಂದು ಕೂರುತ್ತಾರೆಂಬ ಸುದ್ದಿ ಹಬ್ಬಿತು. ತಿಲಕರ ‘ಕೇಸರಿ’ ಹರಿಹಾಯಿತು, 1893ರಲ್ಲಿ ಸಲಹಾ ಮಂಡಳಿಯವರು ರಾಜೀನಾಮೆ ಕೊಟ್ಟರು, ಎಷ್ಟೋ ಹುಡುಗಿಯರನ್ನು ಮನೆಯವರು ಕರೆದೊಯ್ದರು. ನನ್ನ ಕೋಣೆಯ ಬಾಗಿಲು ನಾನು ಮುಚ್ಚುವುದಿಲ್ಲ, ಬರಬೇಡಿ ಎನ್ನುವುದೂ ಬನ್ನಿ ಎನ್ನುವುದೂ ನನ್ನ ಕೆಲಸವಲ್ಲ ಎಂಬುದು ಅವರ ನಿಲುವು. ತರ್ಕಕ್ಕೆ ಇದು ಸರಿ. ಆದರೆ ಊಟ ಬಟ್ಟೆ ಅಕ್ಷರ ಎಲ್ಲವನ್ನೂ ಒಬ್ಬಳ ಕೈಯಿಂದ ಪಡೆಯುವ ಹದಿನಾಲ್ಕರ ವಿಧವೆಗೆ ಆ ಒಬ್ಬಳ ತೆರೆದ ಬಾಗಿಲು ಬರಿಯ ಬಾಗಿಲಾಗಿರುವುದಿಲ್ಲ. ರಾನಡೆಯವರ ಆತಂಕ ಸಕಾರಣವಾದದ್ದು ಎಂದು ನಾನು ಒಪ್ಪುತ್ತೇನೆ. ಇದಕ್ಕೆ ಎದುರಾಗಿ ಇಡಬಹುದಾದದ್ದು ಗೋದೂಬಾಯಿಯವರ ಉದಾಹರಣೆ. ಶಾರದಾ ಸದನದ ಮೊದಲ ವಿಧವೆ ವಿದ್ಯಾರ್ಥಿನಿ ಅವರು. ಅಲ್ಲಿ ಓದಿ ಹೊರಬಂದು 1893ರಲ್ಲಿ ಧೋಂಡೊ ಕೇಶವ ಕರ್ವೆಯವರನ್ನು ಮರುಮದುವೆಯಾಗಿ, ಆನಂದಿಬಾಯಿ ಕರ್ವೆಯಾಗಿ, ಹಿಂದೂವಾಗಿಯೇ ಬಾಳಿ ವಿಧವೆಯರಿಗಾಗಿ ದುಡಿದರು. ಒಲ್ಲೆ ಎಂದವಳನ್ನು ಆ ಮನೆ ಕಟ್ಟಿಹಾಕಲಿಲ್ಲ.

ರಮಾಬಾಯಿ ಮುಂದೆ ಕೇಡಗಾಂವದಲ್ಲಿ ಕಟ್ಟಿದ ಮುಕ್ತಿ ಸದನದ ವಿಷಯದಲ್ಲಿ ಇಷ್ಟು ಸುಲಭವಾಗಿ ಹೇಳಲಾರೆ. 1896–97ರ ಕ್ಷಾಮದಲ್ಲಿ, ಮತ್ತೆ 1900ರ ಹೊತ್ತಿಗೆ, ಮಧ್ಯಪ್ರಾಂತ್ಯ ಗುಜರಾತುಗಳಿಂದ ಹಸಿದ ಹೆಣ್ಣುಮಕ್ಕಳನ್ನು ನೂರಾರು ಸಂಖ್ಯೆಯಲ್ಲಿ ಕರೆತಂದರು. ಅಲ್ಲಿದ್ದವರ ಸಂಖ್ಯೆ ಎರಡು ಸಾವಿರದ ಹತ್ತಿರಕ್ಕೆ ಹೋಯಿತು. ತಾವೂ ಕ್ಷಾಮದಲ್ಲಿ ತಾಯಿ ತಂದೆಯರನ್ನು ಕಳೆದುಕೊಂಡವರು. ಆ ಹಸಿವು ಅವರಿಗೆ ಪುಸ್ತಕದಿಂದ ತಿಳಿದದ್ದಾಗಿರಲಿಲ್ಲ. ನೇಯ್ಗೆ, ಬೇಸಾಯ, ಅಚ್ಚುಕೆಲಸ ಕಲಿಸಿದರು, ಜಾತಿ ನೋಡದೆ ಒಂದೇ ಪಂಕ್ತಿಯಲ್ಲಿ ಉಣಿಸಿದರು. ಆದರೆ ಮುಕ್ತಿ ತೆರೆದು ಹೇಳಿಕೊಂಡ ಕ್ರೈಸ್ತ ನೆಲೆ. 1905ರಲ್ಲಿ ಅಲ್ಲಿ ಹಬ್ಬಿದ ಭಕ್ತಿಯ ಉಬ್ಬರದಲ್ಲಿ ಅತ್ತ, ನಡುಗಿದ, ಕೂಗಿ ಪ್ರಾರ್ಥಿಸಿದ ಹುಡುಗಿಯರಲ್ಲಿ ಎಷ್ಟು ಮಂದಿ ತೂಗಿ ನೋಡಿ ನಂಬಿದವರು? ಇಂಗ್ಲೆಂಡಿನಲ್ಲಿ ಬಿಷಪ್ಪರಿಗೆ ಎದುರು ನಿಂತವರು ಕೇಡಗಾಂವದಲ್ಲಿ ತಾವೇ ಬಿಷಪ್ಪರ ಜಾಗದಲ್ಲಿ ನಿಂತಿದ್ದರು. ಆಳುವ ಬಲ ಎಂಬ ಇಂದಿನ ಅರ್ಥದ ಅಧಿಕಾರ ಅವರ ಕೈಗೂ ಬಂದಿತ್ತು, ಅದು ಅವರ ವಾದವನ್ನು ಅವರ ವಿರುದ್ಧವೇ ತಿರುಗಿಸುತ್ತದೆ. ಇದರಿಂದ ವಾದ ಸುಳ್ಳಾಗುತ್ತದೆಯೇ? ನನಗೆ ಹಾಗೆ ತೋರುವುದಿಲ್ಲ. ಮುಕ್ತಿಯ ಹುಡುಗಿಯ ಪರವಾಗಿ ನಾವು ಇಂದು ಕೇಳುವ ಪ್ರಶ್ನೆಯನ್ನು ಕೇಳುವ ಬಗೆಯನ್ನು ರಮಾಬಾಯಿಯ ಪತ್ರಗಳಿಂದಲೇ ಕಲಿತಿದ್ದೇವೆ.

ಅವರ ಕೊನೆಯ ದೊಡ್ಡ ಕೆಲಸವನ್ನು ನೋಡಿದರೆ, ಆ ಪ್ರಶ್ನೆ ಅವರನ್ನು ಬಿಟ್ಟಿರಲಿಲ್ಲ ಎನಿಸುತ್ತದೆ. ಮರಾಠಿಯಲ್ಲಿ ಬೈಬಲ್ ಆಗಲೇ ಇತ್ತು. ಅದರ ಸಂಸ್ಕೃತಮಯ ಮಾತು ಓದು ಕಡಿಮೆಯಿದ್ದ ಹೆಂಗಸಿಗೆ ತಿಳಿಯದು ಎಂದು, ವಯಸ್ಸಾಗುತ್ತಿದ್ದ ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು ಮೂಲದಿಂದ ಹೊಸದಾಗಿ ಅನುವಾದಿಸಲು ಕೂತರು. ಪಂಡಿತರ ಸಭೆಯಲ್ಲಿ ಸಂಸ್ಕೃತದ ಬಲದಿಂದ ಬಿರುದು ಪಡೆದವರು ವರ್ಷಗಟ್ಟಲೆ ಕೂತು ಸಂಸ್ಕೃತದ ಮಾತುಗಳನ್ನು ಒಂದೊಂದಾಗಿ ತೆಗೆದು ಆಡುಮರಾಠಿಯನ್ನು ಇಟ್ಟರು. ಇದರಿಂದ ಭಾಷೆ ಸೊರಗಿತು, ತಲೆಮಾರುಗಳು ಹಾಡಿ ಹದಮಾಡಿದ ಶಬ್ದಗಳ ಘನತೆ ಹೋಯಿತು ಎಂದು ಹೇಳುವವರಿದ್ದಾರೆ, ಇರಬಹುದು. ಹನ್ನೆರಡನೆಯ ಶತಮಾನದ ಶರಣೆಯರ ವಚನಗಳನ್ನು ಬಲ್ಲ ಕನ್ನಡಿಗರಿಗೆ ಈ ಹೆಜ್ಜೆಯ ಅರ್ಥ ಬೇಗ ತಿಳಿಯುತ್ತದೆ. ಆ ಶರಣೆಯರು ಸಂಸ್ಕೃತದ ಅಧಿಕಾರಕ್ಕೆ ಕಾಯಲಿಲ್ಲ, ತಮ್ಮ ಮಾತಿನಲ್ಲಿ ದೇವರೊಡನೆ ಜಗಳವಾಡಿದರು. ರಮಾಬಾಯಿ ಉಡುಪಿ, ಕಲ್ಕತ್ತೆ, ವಾಂಟೇಜುಗಳನ್ನೆಲ್ಲ ಸುತ್ತಿ ಆ ಜಾಗಕ್ಕೆ ಬಂದರು. ಮುಕ್ತಿಯ ಮುದ್ರಣಾಲಯದಲ್ಲಿ ಮೊಳೆ ಜೋಡಿಸುತ್ತಿದ್ದವರೂ ಅಲ್ಲಿನ ಹೆಣ್ಣುಮಕ್ಕಳೇ. 1921ರಲ್ಲಿ ಮಗಳು ಮನೋರಮೆ ತೀರಿಕೊಂಡಳು. ಅನುವಾದ ಮುಗಿದಿತ್ತು, ಅಚ್ಚು ಮುಗಿದಿರಲಿಲ್ಲ, 1922ರ ಏಪ್ರಿಲ್ 5ರಂದು ರಮಾಬಾಯಿಯೂ ಹೋದರು. ಪೂರ್ತಿ ಗ್ರಂಥ 1924ರಲ್ಲಿ ಹೊರಬಂತು. ಅರ್ಥ ಹೇಳಲು ಶಾಸ್ತ್ರಿಯಾಗಲಿ ಪಾದ್ರಿಯಾಗಲಿ ಪಕ್ಕದಲ್ಲಿ ಇಲ್ಲದೆಯೂ ಕೇಡಗಾಂವದ ಹುಡುಗಿಯೊಬ್ಬಳು ಅದನ್ನು ಬಿಡಿಸಿ ಓದಬಹುದಿತ್ತು; ಓದಿದ ಮೇಲೆ ರಮಾಬಾಯಿಯ ನಂಬಿಕೆಯನ್ನೂ ತೂಗಿ ನೋಡಬಹುದಿತ್ತು.